ಕೀಲಿ ಅವನ ಕೈಯಲ್ಲಿದೆ

ಕ್ವಾರ್ಟ್‌ಸೈಟ್ ಬಯಲು, ಆರಿಜೋನಾ
12 ಜನವರಿ 1997

ಕೊಮಾದ್ರೆ ತೆಂಚಾ,

ಯಾರೂ ಸತ್ತಿಲ್ಲ. ಕಾಗದ ಒಡೆದ ಕೂಡಲೇ ಕೊನೆಯ ಸಾಲಿಗೆ ಹಾರಿ ಸಾವು ಹುಡುಕುವವಳು ನೀನು, ಅದಕ್ಕೇ ಮೊದಲೇ ಬರೆದಿದ್ದೇನೆ.

ಸಿಪ್ರಿಯಾನೋನ ಪಕ್ಕದಲ್ಲಿ ಗಾಡಿ ನಿಲ್ಲಿಸಿದ್ದೇವೆ. ಗಣಿಯಲ್ಲಿ ಕ್ರೇನ್ ಏರಿ ಕೂತು ನಮ್ಮ ತಲೆಯ ಮೇಲೆ ಉಗುಳುತ್ತಿದ್ದ ಅದೇ ಸಿಪ್ರಿಯಾನೋ. ಈಗ ಅವನೂ ಅವನ ಹೆಂಡತಿ ದೆಲ್ಫಾಳೂ ವರ್ಷವಿಡೀ ಗಾಲಿಯ ಮೇಲೆ, ನಮ್ಮ ಹಾಗೇ. ಕಣ್ಣು ಹಾಯುವಷ್ಟು ದೂರ ಕರಿಗಲ್ಲಿನ ನೆಲ, ಅದರ ತುಂಬ ಮನೆಗಾಡಿಗಳು. ಮಿಷಿಗನ್ನಿನಿಂದ, ಕೆನಡಾದಿಂದ ಚಳಿಗೆ ಓಡಿಬಂದವರ ಗಾಡಿಗಳು ಬಸ್ಸಿನಷ್ಟು ಉದ್ದ. ನಮ್ಮಂಥವರದ್ದು ತಗಡಿನ ಡಬ್ಬಿ. ಅವರು ರಜೆಗೆ ಬಂದವರು. ನಮಗೆ ವಾಪಸು ಹೋಗಲು ಊರಿಲ್ಲ. ಸಂಜೆ ಕುರ್ಚಿಗಳನ್ನು ಸುತ್ತ ಹಾಕಿ ಕೂತಾಗ ಈ ವ್ಯತ್ಯಾಸದ ಬಗ್ಗೆ ಯಾರೂ ಬಾಯಿಬಿಡುವುದಿಲ್ಲ. ನೀನು ಯಾಕೆ ಹೀಗೆ ಬದುಕುತ್ತಿದ್ದೀ ಅಂತ ಯಾರನ್ನೂ ಕೇಳಬಾರದು, ಅದು ಇಲ್ಲಿನ ಮರ್ಯಾದೆ. ಒಳ್ಳೇ ಮರ್ಯಾದೆ! ಕಂಪನಿಗಳಿಗೆ ಇದಕ್ಕಿಂತ ಅನುಕೂಲದ ಮರ್ಯಾದೆ ಇನ್ನೊಂದಿಲ್ಲ.

ನಾವು ಬಂದ ಗಳಿಗೆಯೇ ನಗೆಪಾಟಲಾಯಿತು. ಯೂಮಾದಲ್ಲಿ ನೀರು ಹಿಡಿಯಲು ಸಿಕ್ಕಿಸಿದ್ದ ಪೈಪನ್ನು ನನ್ನ ಗಂಡ ಮಹಾಶಯ ನಿಕಾನೋರ್ ಬಿಚ್ಚದೆ ಹೊರಟಿದ್ದ. ಅಲ್ಲಿಂದ ಇಲ್ಲಿಯವರೆಗೆ ಅದು ಗಾಡಿಯ ಹಿಂದೆ ಎಳೆದುಕೊಂಡು ಬಂದಿತ್ತು.

"ನಿಕಾನೋರಾ, ನಿನಗೆ ಬಾಲ ಬಂದಿದೆಯಲ್ಲೋ!" ಅಂತ ಸಿಪ್ರಿಯಾನೋ ಕೂಗಿದ. "ತಿರುಗಿ ನೋಡ್ಕೊಳೋ ಕೋತಿ!"

"ಇವನ್ಯಾವ ಸಂಭಾವಿತ?" ದೆಲ್ಫಾ ಗಂಡನ ಕಡೆ ಕೈ ತೋರಿಸಿದಳು. "ಹೋದ ವರ್ಷ ಮೆಟ್ಲು ಒಳಗೆ ಎಳ್ಕೊಳ್ದೆ ಹೊರಟು ಬಂಕಿನ ಕಂಬಾನೇ ಕಿತ್ಕೊಂಡು ಬಂದ. ಇನ್ನೊಬ್ರನ್ನ ಆಡ್ಕೊಳ್ತಾನೆ ನೋಡು."

ಆಮೇಲೆ ಸುತ್ತ ಕೂತವರೆಲ್ಲ ತಂತಮ್ಮ ಕಥೆ ತೆಗೆದರು. ಟಿವಿಯ ಆಂಟೆನಾ ಇಳಿಸದೆ ಹೊರಟು ಸೇತುವೆಗೆ ಹೊಡೆದವ ಒಬ್ಬ. ಕರೆಂಟಿನ ತಂತಿ ಎಳೆದುಕೊಂಡು ಹೋದವ ಇನ್ನೊಬ್ಬ. ಗಾಲಿಯ ಮೇಲೆ ಬದುಕುವ ಈ ಜಾತಿಯಲ್ಲಿ ಇಂಥ ತಪ್ಪು ಮಾಡದವನೇ ಇಲ್ಲ. ಮಾಡಿದವನಿಗೆ ಒಂದು ಬಿಯರ್ ಸಿಗುತ್ತದೆ. ನಿಕಾನೋರನಿಗೂ ಸಿಕ್ಕಿತು. ನಾನೂ ನಕ್ಕೆ.

ಮೇ ತಿಂಗಳಲ್ಲಿ ಅವನ ಲೈಸೆನ್ಸ್ ಹೊಸದು ಮಾಡಿಸಬೇಕು. ಅದೊಂದು ಯೋಚನೆ. ಮುಷ್ಕರದಲ್ಲಿ ಪೊಲೀಸರು ಎಸೆದ ಹೊಗೆಡಬ್ಬಿ ನನ್ನ ಎಡಗಣ್ಣನ್ನು ತಿಂದು ಹಾಕಿತಲ್ಲ, ನನಗೆ ಯಾರು ಲೈಸೆನ್ಸ್ ಕೊಡುತ್ತಾರೆ? ಅವನು ಓಡಿಸಿದರೆ ಮನೆ ನಡೆಯುತ್ತದೆ. ಓಡಿಸದಿದ್ದರೆ ಮನೆ ನಿಂತ ಕಡೆ ನಿಲ್ಲುತ್ತದೆ. ಸರಕಾರಿ ಬಯಲಿನಲ್ಲಿ ಎರಡು ವಾರಕ್ಕಿಂತ ಹೆಚ್ಚು ನಿಲ್ಲುವ ಹಾಗಿಲ್ಲ.

ಹಳೇ ಗೆಳೆಯರನ್ನೆಲ್ಲ ನೋಡಿಕೊಂಡು ನಿಧಾನಕ್ಕೆ ನಿನ್ನ ಕಡೆ ಬರುತ್ತೇವೆ. ನಿನ್ನ ಅಂಗಳದಲ್ಲಿ ಒಂದು ಗಾಡಿ ಎಷ್ಟು ದಿನ ನಿಲ್ಲಬಹುದು? ಸುಮ್ಮನೆ ಕೇಳಿದೆ.

ಫೋನ್ ಮಾಡು ಅನ್ನಬೇಡ. ಬೂತಿನಲ್ಲಿ ನಿಂತರೆ ಅವನು ನನ್ನ ಭುಜಕ್ಕೆ ಅಂಟಿಕೊಂಡು ನಿಲ್ಲುತ್ತಾನೆ. ಕಾಸಾ ಗ್ರಾಂಡೆ ಊರಿನ ಅಂಚೆಗೆ ನನ್ನ ಹೆಸರಿಗೆ ಬರೆ, ಹೋಗಿ ಕೇಳಿ ತೆಗೆದುಕೊಳ್ಳುತ್ತೇನೆ.

ನಿನ್ನ
ಫೆಮಾ


ದೆಮಿಂಗ್, ನ್ಯೂ ಮೆಕ್ಸಿಕೋ
21 ಜನವರಿ 1997

ಫೆಮಾ ಮಹಾರಾಣಿಗೆ,

ನಿನ್ನ ಕಾಗದ ಬಂದ ದಿನ ನಾನು ಮೆಣಸಿನಕಾಯಿ ಕಾರ್ಖಾನೆಯಲ್ಲಿ ಕಾಯಿ ಸಾಗುವ ಬೆಲ್ಟಿನ ಮುಂದೆ ನಿಂತು ನಿಂತು ಕಾಲು ಊದಿಸಿಕೊಂಡು ಬಂದಿದ್ದೆ. ಕೈ ತೊಳೆದರೂ ಖಾರ ಹೋಗಿರಲಿಲ್ಲ, ಓದುತ್ತಾ ಕಣ್ಣು ಒರೆಸಿಕೊಂಡು ಇನ್ನಷ್ಟು ಅತ್ತೆ. ನೀನೋ, ಇವತ್ತು ಈ ಬೆಟ್ಟ, ನಾಳೆ ಆ ಬೆಟ್ಟ. ಗಂಡ ಓಡಿಸುತ್ತಾನೆ, ನೀನು ಕಿಟಕಿಯಲ್ಲಿ ಕೂತು ಕಾಗದ ಬರೆಯುತ್ತೀಯ. ಹೊಟ್ಟೆ ಉರಿಯುತ್ತದೆ ಕಣೇ.

ಬಾಲದ ಕಥೆ ಓದಿ ಎಷ್ಟು ನಕ್ಕೆ ಅಂದರೆ ಪಕ್ಕದ ಮನೆಯವಳು ಬಾಗಿಲು ತಟ್ಟಿದಳು. ನೂರೈವತ್ತು ಟನ್ನಿನ ಅದಿರು ಲಾರಿಯನ್ನು ಗಣಿಯ ಅಂಚಿನಲ್ಲಿ ಒಂದೇ ಕೈಯಲ್ಲಿ ತಿರುಗಿಸುತ್ತಿದ್ದವನಿಗೆ ಒಂದು ಪೈಪು ಬಿಚ್ಚಲು ನೆನಪಾಗಲಿಲ್ಲವಾ? ವಯಸ್ಸಾಯಿತು ಅಂತ ಹೇಳು ಅವನಿಗೆ. ನಾನು ಹೇಳಿದೆ ಅಂತಲೇ ಹೇಳು.

ನನ್ನ ಮಗನ ಜ್ಞಾನತಾಯಿ ನೀನು, ಕೊಮಾದ್ರೆ ಅಂತ ಬಾಯ್ತುಂಬ ಕರೆಯುತ್ತೀಯ, ಅಂಗಳದಲ್ಲಿ ಎಷ್ಟು ದಿನ ಅಂತಲೂ ಕೇಳುತ್ತೀಯಲ್ಲ, ನಾಚಿಕೆ ಆಗಲ್ವಾ? ನಿನ್ನ ಕಾಲು ನಿಂತ ಕಡೆ ನಿಲ್ಲುವ ಕಾಲೇ? ನಾನು ಬೀನ್ಸ್ ನೆನೆಹಾಕಿ ಬೇಯಿಸುವಷ್ಟರಲ್ಲಿ ನಿಮಗೆ ಬೇಜಾರಾಗಿ ಹೊರಟಿರುತ್ತೀರಿ. ಬನ್ನಿ, ಬನ್ನಿ. ಮಾರ್ಚಿನ ಹೊತ್ತಿಗೆ ಬಂದರೆ ಇನ್ನೂ ಒಳ್ಳೆಯದು.

ಮಗ ಆನ್ಸೆಲ್ಮೋ ಚೆನ್ನಾಗಿದ್ದಾನೆ. ಕೌಂಟಿಯ ಕೆಲಸ, ಹಗಲೆಲ್ಲ ರಸ್ತೆಯಲ್ಲೇ ಇರುತ್ತಾನೆ. ಜ್ಞಾನಸ್ನಾನದಲ್ಲಿ ಎತ್ತಿಕೊಂಡ ತನ್ನ ಜ್ಞಾನತಂದೆ ನಿಕಾನೋರನನ್ನು ನೋಡಬೇಕು ಅಂತ ಅವನಿಗೂ ಆಸೆ. ಆದರೆ ಅವನಿಗೆ ಬಿಡುವಿಲ್ಲ, ನೀವು ಬಂದಾಗ ಸಿಗುತ್ತಾನೋ ಇಲ್ಲವೋ.

ತೆಂಚಾ


ಕಾಸಾ ಗ್ರಾಂಡೆ
2 ಫೆಬ್ರವರಿ 1997

ಕೊಮಾದ್ರೆ,

ಬಟ್ಟೆ ಒಗೆಯುವ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಯಂತ್ರ ತಿರುಗುವಷ್ಟು ಹೊತ್ತು ಅವನು ಅದರ ಗಾಜಿನ ಮುಂದೆ ಕೂತು ನಮ್ಮ ಬಟ್ಟೆ ನೋಡುತ್ತಿರುತ್ತಾನೆ. ಬೇರೆಲ್ಲೂ ನನಗೆ ಪುರಸೊತ್ತಿಲ್ಲ.

ಎವರೆಟ್ ಸ್ಟಾಮ್‌ನನ್ನು ನೋಡಲು ಹೋದೆವು. ನಮ್ಮ ಸಂಘದ ಕಾರ್ಯದರ್ಶಿ, ಟ್ರಕ್ಕಿನ ಮೇಲೆ ನಿಂತು "ನೆಲ ನಮ್ಮದು" ಅಂತ ಗಂಟಲು ಹರಿದುಕೊಂಡವನು. ಈಗ ಗೋಡೆ ಕಟ್ಟಿದ ಗಾಡಿತಂಗುದಾಣದಲ್ಲಿ ಇದ್ದಾನೆ. ಈಜುಕೊಳ ಇದೆ, ಗೇಟಿದೆ, ಗೇಟಿನಲ್ಲಿ ಒಬ್ಬ ಹೆಂಗಸು ಇದ್ದಾಳೆ.

"ಗಾಡಿ ಯಾವ ವರ್ಷದ್ದಮ್ಮ?" ಅಂದಳು.

"ಎಪ್ಪತ್ತೆಂಟರದ್ದು."

"ಹತ್ತು ವರ್ಷ ದಾಟಿದ್ದನ್ನ ಒಳಗೆ ಬಿಡೋ ಹಾಗಿಲ್ಲ. ಬೇಜಾರು ಮಾಡ್ಕೋಬೇಡಿ, ನಿಯಮ."

"ಒಳಗಿರೋ ಮನುಷ್ಯರೆಲ್ಲ ಹತ್ತು ವರ್ಷದೊಳಗಿನೋರಾ?" ಅಂತ ಕೇಳಿದೆ. ಆ ಹೆಂಗಸಿಗೆ ನಗು ಬಂತು, ನುಂಗಿಕೊಂಡಳು. ಅವಳಿಗೂ ಸಂಬಳ ಬೇಕಲ್ಲ.

ಎವರೆಟ್ ಗೇಟಿನ ಹೊರಗೆ ಬಂದ. ತನ್ನ ಮರದ ನಿಂಬೆಹಣ್ಣು ತಂದಿದ್ದ. ರಸ್ತೆಬದಿಯಲ್ಲಿ ನಿಂತು ಮಾತಾಡಿದೆವು, ಭಿಕ್ಷೆ ಬೇಡಲು ಬಂದವರ ಹಾಗೆ. ನಿಕಾನೋರ್ ಅವನ ಭುಜ ಹಿಡಿದು ಕೇಳಿದ: "ನಾಳೆ ಬೆಳಗ್ಗೆ ಗಣಿ ಗೇಟಿಗೆ ಎಷ್ಟು ಜನ ಬೇಕು, ಹೇಳಿಬಿಡಪ್ಪಾ. ಬೆಟ್ಟದ ಕೇರಿಯೋರಿಗೆ ಈಗಲೇ ತಿಳಿಸ್ಬೇಕು."

"ಎಲ್ರೂ ಬರ್ಲಿ!" ಎವರೆಟ್ ಗಟ್ಟಿಯಾಗಿ ನಕ್ಕ, ಕಣ್ಣು ಒರೆಸಿಕೊಂಡ. "ಈ ಮುದುಕ ಬದಲಾಗಲೇ ಇಲ್ಲ ನೋಡು ಫೆಮಾ, ಬೆಂಕಿ ಹಾಗೇ ಇದೆ."

ನಾನು ನಿಕಾನೋರನ ಮುಖ ನೋಡಿದೆ ತೆಂಚಾ. ಅದು ತಮಾಷೆಯ ಮುಖವಲ್ಲ. ಅವನು ಉತ್ತರಕ್ಕೆ ಕಾಯುತ್ತಿದ್ದ.

ಪೈಪಿನ ವಿಷಯ ಒಂದು ಸಲ ಅಂತ ಬರೆದಿದ್ದೆ. ಮೂರು ಸಲ ಆಯಿತು. ಹೋದ ವಾರ ಹೆದ್ದಾರಿಯ ನಡುವೆ ಗಾಡಿ ನಿಲ್ಲಿಸಿದ. ಎದುರಿಗೂ ಹಿಂದೆಯೂ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. "ಯಾಕೆ ನಿಲ್ಸಿದೆ?" ಅಂದೆ. "ಪಾಳಿ ಮುಗೀತು," ಅಂದ. ಶಾಂತವಾಗಿ ಅಂದ. ಇಳಿಯಲು ಬಾಗಿಲು ತೆಗೆದ. ನಾನು ಅವನ ಬೆಲ್ಟು ಹಿಡಿದು ಎಳೆದೆ.

ಯಾರಿಗೆ ಹೇಳಲಿ? ಹೇಳಿದರೆ ನಗುತ್ತಾರೆ, ಬಿಯರ್ ಕೊಡುತ್ತಾರೆ, ತಮ್ಮ ಕಥೆ ಹೇಳುತ್ತಾರೆ. ನಗದೆ ಕೇಳಿಸಿಕೊಂಡವರು ಪೊಲೀಸರಿಗೆ ಹೇಳುತ್ತಾರೆ. ಒಂದೇ ಕಣ್ಣಲ್ಲಿ ಇಡೀ ರಸ್ತೆ ಕಾಯುತ್ತಿದ್ದೇನೆ. ಲಾರಿ ಬಂದಾಗ ಉಸಿರು ಹಿಡಿಯುತ್ತೇನೆ, ಹೋದಮೇಲೆ ಬಿಡುತ್ತೇನೆ. ಹೀಗೇ ಮೈಲಿ ಮೈಲಿ.

ಅಂಗಳದ ವಿಷಯ ನಾನು ಸುಮ್ಮನೆ ಕೇಳಿದ್ದಲ್ಲ. ಬೆನ್ಸನ್ ಊರಿನ ಅಂಚೆಗೆ ಉತ್ತರ ಬರೆ. ಹತ್ತನೇ ತಾರೀಕಿನ ಹೊತ್ತಿಗೆ ಅಲ್ಲಿರುತ್ತೇವೆ.

ಫೆಮಾ


ದೆಮಿಂಗ್
6 ಫೆಬ್ರವರಿ 1997
(ಬೆನ್ಸನ್ ಅಂಚೆ ಕಚೇರಿಗೆ. ಯೂಫೇಮಿಯಾ ಬಾಲ್ದೆನೆಗ್ರೋ ಬಂದು ಕೇಳುವವರೆಗೆ ಇಟ್ಟಿರುವುದು)

ಫೆಮಾ,

ಬೆನ್ಸನ್‌ನಿಂದ ಕದಲಬೇಡ. ಅವನ ಕೈಗೆ ಕೀಲಿ ಕೊಡಬೇಡ. ಜ್ವರ ಅನ್ನು, ಹೊಟ್ಟೆನೋವು ಅನ್ನು, ಗಾಡಿ ಕೆಟ್ಟಿದೆ ಅನ್ನು, ಏನಾದರೂ ಸುಳ್ಳು ಹೇಳು. ಮುಷ್ಕರದಲ್ಲಿ ವಕೀಲರಿಗೇ ಸುಳ್ಳು ಹೇಳಿದವಳು ನೀನು, ಗಂಡನಿಗೆ ಹೇಳಲು ಬರುವುದಿಲ್ಲವಾ?

ಗಾಡಿ ಓಡಿಸಲು ಒಬ್ಬನನ್ನು ಕಳಿಸುತ್ತೇನೆ. ಹದಿನೈದರ ಶನಿವಾರ ಬೆನ್ಸನ್ ಅಂಚೆ ಕಚೇರಿಯ ಎದುರಿಗೆ ಬರುತ್ತಾನೆ. ಕಂಡರೆ ನಿನಗೆ ಗುರುತಾಗುತ್ತದೆ. ಅವನ ಕೆಲಸ ಏನು ಅಂತ ಕೇಳಬೇಡ. ನಿಮ್ಮನ್ನು ಇಲ್ಲಿಗೆ ತಂದು ನನ್ನ ಅಂಗಳದಲ್ಲಿ ಇಳಿಸುತ್ತಾನೆ. ಎಷ್ಟು ದಿನ ಅಂತ ಇನ್ನೊಂದು ಸಲ ಕೇಳಿದರೆ ಕಪಾಳಕ್ಕೆ ಹೊಡೆಯುತ್ತೇನೆ. ನಾನು ಸಾಯುವವರೆಗೆ.

ಹೋದ ಕಾಗದದಲ್ಲಿ ನಕ್ಕಿದ್ದೆನಲ್ಲ, ಆ ಕಾಗದ ಹರಿದು ಹಾಕು.

ತೆಂಚಾ


ವಿಲ್‌ಕಾಕ್ಸ್
13 ಫೆಬ್ರವರಿ 1997

ತೆಂಚಾ,

ಬೆನ್ಸನ್‌ನಲ್ಲಿ ಇಳಿಯಲೇ ಇಲ್ಲ. ಹೆದ್ದಾರಿಯಿಂದ ಊರಿಗೆ ತಿರುಗುವ ಕಡೆ ಪೊಲೀಸ್ ಕಾರು ನಿಂತಿತ್ತು. ನಿಕಾನೋರ್ ಅದನ್ನು ನೋಡಿದವನೇ ವೇಗ ಹೆಚ್ಚಿಸಿದ. "ಅಡ್ಡಗಟ್ಟಿದಾರೆ ಕಣೇ, ತಲೆ ತಗ್ಗಿಸು," ಅಂದ. ನಾನು ತಲೆ ತಗ್ಗಿಸಿದೆ! ಅವನ ಜೊತೆಗೆ ನನ್ನ ಮೈಯೂ ಹದಿನಾಲ್ಕು ವರ್ಷ ಹಿಂದಿನ ಮುಷ್ಕರಕ್ಕೆ ಹೋಯಿತು. ತಲೆ ಎತ್ತಿದಾಗ ಊರು ಹಿಂದೆ ಬಿದ್ದಿತ್ತು.

ಇಲ್ಲಿಗೆ ಬಂದು ಅಂಚೆಯಲ್ಲಿ ಕೇಳಿದೆ, ಇಲ್ಲಿಗೇನಾದರೂ ಬರೆದಿದ್ದೀಯೇನೋ ಅಂತ. ಏನೂ ಇಲ್ಲ. ಬೆನ್ಸನ್ ಅಂಚೆಗೆ ಫೋನ್ ಮಾಡಿಸಿದೆ, ನಾನೇ ಬಂದು ಗುರುತು ತೋರಿಸದೆ ಹೇಳುವುದಿಲ್ಲವಂತೆ. ನಿನ್ನ ಮನೆಗೆ ಫೋನ್ ಮಾಡಿದೆ. ರಿಂಗಾಗುತ್ತಲೇ ಇತ್ತು. ಬೆಲ್ಟಿನ ಮುಂದೆ ನಿಂತಿದ್ದೀಯೇನೋ. ಅಥವಾ ಎತ್ತಬಾರದು ಅಂತ ಎತ್ತಲಿಲ್ಲವೇನೋ. ಮಾರ್ಚಿಗೆ ಬನ್ನಿ ಅಂತ ಬರೆದಿದ್ದೆಯಲ್ಲ, ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಮಗನಿಗೆ ಬಿಡುವಿಲ್ಲ ಅನ್ನುವ ಸಾಲನ್ನೂ. ಹುಚ್ಚನನ್ನು ಅಂಗಳಕ್ಕೆ ಯಾರು ಕರೆಯುತ್ತಾರೆ? ಅರ್ಥವಾಯಿತು. ಸಂಘ ಸೋತ ದಿನ ನಾವೆಲ್ಲ ಒಬ್ಬರಿಗೊಬ್ಬರು ಅಂತ ಕೈ ಮೇಲೆ ಕೈ ಇಟ್ಟಿದ್ದೆವು. ಎವರೆಟ್ ನಿಂಬೆಹಣ್ಣು ಕೊಟ್ಟ, ನೀನು ಮೌನ ಕೊಟ್ಟೆ.

ಇವತ್ತು ಬೆಳಗ್ಗೆ ಕೀಲಿ ಬಚ್ಚಿಟ್ಟೆ. ಹಿಟ್ಟಿನ ಡಬ್ಬಿಯೊಳಗೆ. ಅವನು ಹುಡುಕಿದ. ಹಾಸಿಗೆ ಎತ್ತಿದ, ಒಲೆ ಬಿಚ್ಚಿದ, ಕೊನೆಗೆ ಹೊರಗೆ ನಿಂತು ಅಳಲು ಶುರು ಮಾಡಿದ. ಈ ತಂಗುದಾಣದ ಯಜಮಾನ ಓಡಿಬಂದ. "ಏನ್ರೀ ಗಲಾಟೆ? ಬೇರೆಯೋರು ಇದಾರೆ ಇಲ್ಲಿ. ನಾಳೆ ಬೆಳಗ್ಗೆ ಜಾಗ ಖಾಲಿ ಮಾಡಿ," ಅಂದ. ಕೀಲಿ ಕೊಟ್ಟೆ. ಅದರ ಮೇಲಿನ ಹಿಟ್ಟು ಒರೆಸಿ ಅವನು ನನ್ನನ್ನು ನೋಡಿದ ನೋಟ ನಿನಗೆ ಗೊತ್ತು. ಮುಷ್ಕರದ ಸಾಲು ಮುರಿದು ಗಣಿಯೊಳಗೆ ಹೋದವರನ್ನು ನಾವು ನೋಡುತ್ತಿದ್ದ ನೋಟ ಅದು.

ನಾಳೆ ಪೂರ್ವದ ಕಡೆ ಧೂಳು ಏಳುತ್ತದಂತೆ, ರೇಡಿಯೋದಲ್ಲಿ ಹೇಳಿದರು. ಆ ಒಣಗಿದ ಕೆರೆಬಯಲಲ್ಲಿ ಧೂಳೆದ್ದರೆ ಮುಂದಿನ ಲಾರಿಯ ಬೆನ್ನೂ ಕಾಣುವುದಿಲ್ಲ. ಅವನು ಹೊರಡುತ್ತಾನೆ.

ನಿನ್ನ ಅಂಗಳ ಕೇಳುವುದಿಲ್ಲ. ಹೆದರಬೇಡ.

ಯೂಫೇಮಿಯಾ


ದೆಮಿಂಗ್
20 ಫೆಬ್ರವರಿ 1997
(ಲಾಸ್ ಕ್ರೂಸೆಸ್ ಆಸ್ಪತ್ರೆಗೆ)

ಕೊಮಾದ್ರೆ,

ನಿನ್ನನ್ನು ನೋಡಲು ಬಸ್ಸಿನಲ್ಲಿ ಬಂದಿದ್ದೆ. "ಅವರು ಯಾರನ್ನೂ ನೋಡಲ್ವಂತೆ," ಅಂತ ನರ್ಸು ಹೇಳಿದಳು. ಬಾಗಿಲ ಸಂದಿಯಲ್ಲಿ, ನಿಕಾನೋರನ ಹಾಸಿಗೆಯ ಪಕ್ಕ ಕೂತ ನಿನ್ನ ಬೆನ್ನು ಕಂಡಿತು. ಹಾಗೇ ತಿರುಗಿ ಬಂದೆ. ಮಾತಾಡದಿದ್ದರೆ ಬೇಡ, ಓದು.

ನಿನ್ನ ವಿಲ್‌ಕಾಕ್ಸ್ ಕಾಗದ ನನ್ನ ಕೈಗೆ ಬಂದಿದ್ದು ಎಲ್ಲ ಮುಗಿದ ಮೇಲೆ. ನಾನು ಬೆನ್ಸನ್‌ಗೆ ಬರೆದಿದ್ದೆ ಕಣೇ. ಆ ಕಾಗದ ಈಗಲೂ ಅಲ್ಲಿನ ಗೂಡಿನಲ್ಲಿ ಕೂತಿದೆ. ಅದನ್ನು ತರಿಸಿ ಓದು, ಆಮೇಲೆ ಬೈಯಿ.

ಗಾಡಿ ನನ್ನ ಅಂಗಳದಲ್ಲಿದೆ. ಒಂದು ಗೀರೂ ಆಗಿಲ್ಲ. ಅವತ್ತು ನಿನ್ನನ್ನು ಬಂಕಿನಲ್ಲೇ ಬಿಟ್ಟು ಹೊರಟನಂತಲ್ಲ, ಆಮೇಲೆ ಏನಾಯಿತು ಅಂತ ನಿನಗೆ ಯಾರೂ ಪೂರ್ತಿ ಹೇಳಿರಲಿಕ್ಕಿಲ್ಲ. ನಮ್ಮೂರು ಇನ್ನೂ ಸ್ವಲ್ಪ ದೂರ ಇರುವಾಗಲೇ, ಧೂಳಿನಲ್ಲಿ, ನಿಕಾನೋರ್ ರಸ್ತೆಯ ಅಂಚಿನಲ್ಲಿ ಗಾಡಿ ನಿಲ್ಲಿಸಿಕೊಂಡು ಕೂತಿದ್ದ. ಅರ್ಧ ಗಾಡಿ ರಸ್ತೆಯ ಮೇಲೇ ಇತ್ತು. ಕೌಂಟಿಯ ಒಬ್ಬ ಪೊಲೀಸಿನವನು ಹೋಗಿ ಬಾಗಿಲು ತಟ್ಟಿದ. ನಿಕಾನೋರ್ ಪರದೆ ಎಳೆದು ಒಳಗಿಂದ ಕೂಗಿದ: "ಸಾಲು ಬಿಡಲ್ಲ! ಕೊಂದ್ರೂ ಬಿಡಲ್ಲ!" ಬಾಣಲೆ ಹಿಡಿದು ನಿಂತಿದ್ದ. ಹಿಂದಿನಿಂದ ಲಾರಿ ಬಂದು ಗುದ್ದಿದ್ದರೆ ಅವರಿಬ್ಬರೂ ಇರುತ್ತಿರಲಿಲ್ಲ.

ಆ ಪೊಲೀಸಿನವನು ಕಾರಿಗೆ ಹೋಗಿ ಟೋಪಿ ಬಿಚ್ಚಿಟ್ಟ, ಸೊಂಟದ ಪಟ್ಟಿ ಬಿಚ್ಚಿಟ್ಟ, ನಕ್ಷತ್ರ ಹಚ್ಚಿದ ಅಂಗಿಯನ್ನೂ ಬಿಚ್ಚಿಟ್ಟ. ಬರೀ ಬನಿಯನ್ನಿನಲ್ಲಿ ಆ ಗಾಳಿಗೆ ನಿಂತು, "ಚಳಿ ಆಗ್ತಿದೆ, ಒಳಗೆ ಬಿಡಿ," ಅಂದ. ಪರದೆ ಸರಿಯಿತು. "ಅಯ್ಯೋ, ಹುಡುಗ ಸಾಯ್ತಾನಲ್ಲ," ಅಂತ ನಿಕಾನೋರ್ ಬಾಗಿಲು ತೆಗೆದು ತನ್ನ ಕೋಟು ಬಿಚ್ಚಿ ಹೊದಿಸಿದ. ಆಮೇಲೆ ಆ ಪೊಲೀಸಿನವನೇ ಗಾಡಿ ಓಡಿಸಿಕೊಂಡು ಇಲ್ಲಿಗೆ ತಂದ. ಗಣಿಯ ಧೂಳು ತಿಂದ ಪುಪ್ಪುಸಕ್ಕೆ ಈ ಧೂಳೂ ಸೇರಿ ನಿಕಾನೋರನಿಗೆ ಉಸಿರು ಕಟ್ಟತೊಡಗಿತು. ಆಗ ಆಂಬುಲೆನ್ಸ್ ಕರೆಸಿದೆವು.

ಆ ಪೊಲೀಸಿನವನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಫೋನ್ ಮಾಡಿದವನ ಮೇಲೆ. ಬಂಕಿನವನಂತೆ. ಕಾಫಿ ಮಾರಿಕೊಂಡಿರುವುದು ಬಿಟ್ಟು ಒಬ್ಬ ಮುದುಕನನ್ನು ಪೊಲೀಸರಿಗೆ ಹಿಡಿದುಕೊಟ್ಟನಲ್ಲ, ಅವನ ನಾಲಿಗೆಗೆ ಹುಳ ಬೀಳಲಿ! ಈಗ ವರದಿ ಹೋದರೆ ನಿಕಾನೋರನ ಲೈಸೆನ್ಸ್ ಹೋಯಿತು, ನಿಮ್ಮ ಮನೆ ಹೋಯಿತು. ನಮ್ಮ ಜನ ಯಾರಾದರೂ ಹೀಗೆ ಮಾಡುತ್ತಿದ್ದರಾ? ವರದಿ ತಡೆಯಲು ನಾನು ನೋಡುತ್ತಿದ್ದೇನೆ. ಹೇಗೆ ಅಂತ ಕೇಳಬೇಡ.

ತೆಂಚಾ


ಲಾಸ್ ಕ್ರೂಸೆಸ್
26 ಫೆಬ್ರವರಿ 1997

ತೆಂಚಾ,

ಬಂಕಿನವನಲ್ಲ. ನಾನು.

ಪೂರ್ತಿ ಕೇಳು. ರಾಜ್ಯದ ಗಡಿಗೆ ಮುಂಚೆ ಪೆಟ್ರೋಲ್ ಹಾಕಿಸಲು ನಿಂತೆವು. ನಾನು ಶೌಚಕ್ಕೆ ಹೋಗಿ ಬಂದೆ. ಪಂಪಿನ ಮುಂದೆ ಗಾಡಿ ಇರಲಿಲ್ಲ. ನನ್ನ ಚೀಲ, ಕೋಟು, ಕನ್ನಡಕ, ಗಂಡ, ಮನೆ, ಎಲ್ಲ ಹೋಗಿತ್ತು. ಒಳಗೆ ಓಡಿದೆ. ಗಲ್ಲಾದಲ್ಲಿದ್ದವನು ನನ್ನ ಮುಖ ನೋಡಿದ ಕೂಡಲೇ ನಕ್ಕ.

"ಬಿಟ್ಟು ಹೋದ್ರಾ? ಹಿಂದೆ ಹಾಸಿಗೇಲಿ ಮಲಗಿದೀರಿ ಅಂದ್ಕೊಂಡಿರ್ತಾರೆ ಬಿಡಿ. ಪ್ರತಿ ಚಳಿಗಾಲ ನಾಲ್ಕೈದು ಹೆಂಗಸರು ಇದೇ ಕುರ್ಚೀಲಿ ಕೂತು ಕಾಯ್ತಾರೆ. ಕೂತ್ಕೊಳಿ, ಕಾಫಿಗೆ ಹಾಲು ಹಾಕ್ಲಾ?"

"ನಂಗೊತ್ತಿರೋ ಒಬ್ಬ ಎಲ್ ಪಾಸೋ ತನಕ ಹೆಂಡ್ತಿ ಹತ್ರ ಮಾತಾಡ್ತಾನೇ ಹೋದ," ಅಂದ ಒಬ್ಬ ಲಾರಿಯವನು. "ಒಂದ್ಸಲನೂ ಎದುರು ಮಾತಾಡ್ಲಿಲ್ಲ ಅಂತ ಖುಷಿಯಾಗಿದ್ನಂತೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ, ಬಾಯಿಗೆ ಅಭ್ಯಾಸವಾಗಿಬಿಟ್ಟಿದೆ. ಕೂತೆ. ಬೇರೆಯವರ ಗಂಡಂದಿರಿಗೆ ನೆನಪಾಗಿ ತಿರುಗಿ ಬರಲು ಬೇಕಾಗುವಷ್ಟು ಹೊತ್ತು ಕೂತೆ. ನನ್ನ ಗಂಡನಿಗೆ ನೆನಪಾಗುವುದಿಲ್ಲ ಅಂತ ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಬಾಯಿಬಿಟ್ಟರೆ ಮನೆ ಹೋಗುತ್ತದೆ. ಬಿಡದಿದ್ದರೆ? ಕಿಟಕಿಯಾಚೆ ಪೂರ್ವದ ಆಕಾಶ ಹಳದಿಯಾಗುತ್ತಿತ್ತು. ಆ ಹಳದಿಯೊಳಕ್ಕೆ ಒಂದು ಶಾಲೆಯ ಬಸ್ಸು ಹೋಯಿತು, ಮಕ್ಕಳ ತಲೆಗಳು ಕಂಡವು.

ಎದ್ದು ಹೋಗಿ ಫೋನ್ ಎತ್ತಿದೆ. ಯಾವ ಜನ ನನ್ನ ಕಣ್ಣು ತೆಗೆದರೋ ಅವರ ನಂಬರು ಒತ್ತಿದೆ. ಒಂದು ಹೆಣ್ಣುದನಿ ಏನು ತೊಂದರೆ ಅಂತ ಕೇಳಿತು. "ನನ್ನ ಗಂಡನಿಗೆ ಬುದ್ಧಿ ನಿಲ್ತಾ ಇಲ್ಲ. ಗಾಡಿ ಓಡಿಸ್ತಾ ಇದಾನೆ. ನಿಲ್ಸಿ," ಅಂದೆ. ಈ ಮಾತನ್ನು ದೆಲ್ಫಾಳಿಗೆ ಹೇಳಿರಲಿಲ್ಲ. ನಿನಗೂ ಇಷ್ಟು ನೇರವಾಗಿ ಹೇಳಿರಲಿಲ್ಲ. ಮೊದಲು ಹೇಳಿದ್ದು ಪೊಲೀಸರಿಗೆ. ಗಲ್ಲಾದವನ ನಗು ಅಲ್ಲೇ ನಿಂತಿತು. ಕಾಫಿಯ ಕಾಸು ತೆಗೆದುಕೊಳ್ಳಲಿಲ್ಲ ಅವನು. ಅವನ ನಾಲಿಗೆಗೆ ಬೀಳಬೇಕಾದ ಹುಳ ನನ್ನದಕ್ಕೆ ಬೀಳಲಿ.

ಆಮೇಲೆ ಪೊಲೀಸ್ ಕಾರಿನಲ್ಲೇ ಇಲ್ಲಿಗೆ ಬಂದೆ, ಹಿಂದಿನ ಸೀಟಿನಲ್ಲಿ, ಜಾಲರಿಯ ಹಿಂದೆ. ಮುಷ್ಕರದ ದಿನ ನನ್ನನ್ನು ಎಳೆದುಕೊಂಡು ಹೋದಾಗಲೂ ಹೀಗೇ ಕೂರಿಸಿದ್ದರು. ಅವತ್ತು ಒದ್ದಿದ್ದೆ, ಉಗಿದಿದ್ದೆ. ಈ ಸಲ, "ಬೇಗ ಓಡಿಸಪ್ಪಾ," ಅಂದೆ. ನಿನ್ನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಅದಕ್ಕೇ ನರ್ಸಿನ ಕೈಲಿ ಹೇಳಿಸಿದೆ.

ಈಗ ನನ್ನದೊಂದು ಪ್ರಶ್ನೆ. ನಿಕಾನೋರ್ ಬೆಳಗಿನಿಂದ ಒಂದೇ ಮಾತು ಹೇಳುತ್ತಿದ್ದಾನೆ. "ಆನ್ಸೆಲ್ಮೋ ಚಳೀಲಿ ನಿಂತಿದ್ದ, ಕೋಟು ಕೊಟ್ಟೆ. ವಾಪಸ್ ಇಸ್ಕೋಬೇಡ, ಪಾಪ." ಜ್ವರದ ಬಡಬಡಿಕೆ ಅಂದುಕೊಂಡೆ. ನನ್ನ ಹೆಸರು ಕೇಳಿದರೆ ತನ್ನ ಅಕ್ಕನ ಹೆಸರು ಹೇಳುತ್ತಾನೆ, ಅವನ ಮಾತನ್ನು ಏನಂತ ನಂಬಲಿ? ಆದರೆ ನಿನ್ನ ಕಾಗದ ಮತ್ತೆ ಓದಿದೆ. ಪೊಲೀಸಿನವನು ಯಾವುದನ್ನು ಮೊದಲು ಬಿಚ್ಚಿದ, ಯಾವುದನ್ನು ಆಮೇಲೆ ಬಿಚ್ಚಿದ ಅಂತ ನಿನಗೆ ಯಾರು ಹೇಳಿದರು? ಯಾವ ಪೊಲೀಸಿನವನು ನಿನ್ನ ಅಂಗಳ ಗೊತ್ತಿದ್ದು ಗಾಡಿ ತರುತ್ತಾನೆ?

ಕೌಂಟಿಯ ಕೆಲಸ, ಹಗಲೆಲ್ಲ ರಸ್ತೆಯಲ್ಲೇ. ಅವನೇನಾ?

ಫೆಮಾ


ದೆಮಿಂಗ್
2 ಮಾರ್ಚ್ 1997

ಫೆಮಾ,

ಅವನೇ.

ಕ್ಷಮೆ ಕೇಳಲು ಬರೆಯುತ್ತಿಲ್ಲ. ಗಣಿ ಮುಚ್ಚಿದರು, ಸಂಘ ಮುರಿದರು, ನಮ್ಮ ಮಕ್ಕಳಿಗೆ ಈ ಮರುಭೂಮಿಯಲ್ಲಿ ಮೂರೇ ಕೆಲಸ ಉಳಿಸಿದರು: ಮೆಣಸಿನಕಾಯಿ, ಜೈಲು, ಪೊಲೀಸು. ನನ್ನ ಕೈ ನೋಡಿ ಅವನು ಮೆಣಸಿನಕಾಯಿ ಒಲ್ಲೆ ಅಂದ. ಪೊಲೀಸಿಗೆ ಸೇರಿ ಎರಡು ವರ್ಷವಾಯಿತು. ಅಂಗಿಯನ್ನು ಒಗೆದು ಒಳಗೇ ಒಣಹಾಕುತ್ತೇನೆ, ನಮ್ಮ ಹಳೇ ಜನ ಯಾರಾದರೂ ನೋಡಿಯಾರು ಅಂತ. ನಿನ್ನ ಕಣ್ಣಿಗೆ ಹೆದರಿದೆ ಫೆಮಾ. ಆ ಹೋದ ಕಣ್ಣಿಗೆ. ಮಾರ್ಚಿಗೆ ಬಾ ಅಂದದ್ದು ಅದಕ್ಕೆ, ಮಾರ್ಚಿನಲ್ಲಿ ಅವನು ತರಬೇತಿಗೆ ಊರು ಬಿಡುವವನಿದ್ದ. ಬೆನ್ಸನ್‌ಗೆ ಕಳಿಸುತ್ತೇನೆ ಅಂದಿದ್ದೂ ಅವನನ್ನೇ.

ಅವತ್ತು ರೇಡಿಯೋದಲ್ಲಿ ಕಂದುಪಟ್ಟೆಯ ಹಳೇ ಮನೆಗಾಡಿ ಅಂತ ಕೇಳಿದವನೇ ಹೊರಟನಂತೆ. ಫೋನ್ ಮಾಡಿದ್ದು ನೀನು ಅಂತಲೂ ಅವನಿಗೆ ಗೊತ್ತಿತ್ತು. ನನಗೆ ಬಂಕಿನವನು ಅಂತ ಸುಳ್ಳು ಹೇಳಿದ. ನಿನ್ನ ಹೆಸರು ಉಳಿಸಲಿಕ್ಕೆ.

ವರದಿ ಇನ್ನೂ ಕಳಿಸಿಲ್ಲ. ಮೂರು ದಿನದಿಂದ ಜಗಳ. "ಹರಿದು ಹಾಕೋ," ಅಂದೆ. "ಅಮ್ಮಾ, ಅರ್ಧ ಗಾಡಿ ರಸ್ತೆ ಮೇಲಿತ್ತು," ಅಂದ. "ನಿನ್ನ ಜ್ಞಾನತಂದೆ ಕಣೋ ಅವನು!" ಅಂದೆ. "ಅದಕ್ಕೇ," ಅಂದ. ತಟ್ಟೆ ಎಸೆದೆ. ಅವನು ಚೂರುಗಳನ್ನು ಗುಡಿಸಿ ಕೆಲಸಕ್ಕೆ ಹೋದ. ಕೊನೆಗೆ ನಿನ್ನೆ, "ನೀನಾ ಹೇಳಿದ ಹಾಗೆ ಮಾಡ್ತೀನಿ," ಅಂದಿದ್ದಾನೆ. ಜ್ಞಾನತಾಯಿ ಅಂತ ಚಿಕ್ಕಂದಿನಿಂದಲೂ ನಿನ್ನನ್ನು 'ನೀನಾ' ಅಂತಲೇ ಕರೆಯುತ್ತಾನಲ್ಲ. ನೀನು ಒಂದು ಮಾತು ಬರೆದರೆ ಹರಿದು ಹಾಕುತ್ತಾನೆ. ಬರೆ. ಇವತ್ತೇ ಬರೆ.

ತೆಂಚಾ


ಲಾಸ್ ಕ್ರೂಸೆಸ್
5 ಮಾರ್ಚ್ 1997

ಕೊಮಾದ್ರೆ,

ಆನ್ಸೆಲ್ಮೋಗೆ ಹೇಳು, ವರದಿ ಕಳಿಸಲಿ. ಪೂರ್ತಿ ಬರೆಯಲಿ. ಬಾಣಲೆ ಹಿಡಿದು ನಿಂತಿದ್ದನ್ನೂ ಬರೆಯಲಿ.

ನಿನಗೆ ಸಿಟ್ಟು ಬರುತ್ತದೆ, ಬರಲಿ. ಬಂಕಿನ ಕಿಟಕಿಯಲ್ಲಿ ಮಕ್ಕಳ ತಲೆ ನೋಡಿದವಳು ನಾನು. ಕಂಪನಿ ನಮ್ಮ ಮನೆ ಕಿತ್ತುಕೊಂಡಿದ್ದಕ್ಕೆ ಆ ಮಕ್ಕಳು ಜೀವ ಕೊಡಬೇಕಾಗಿಲ್ಲ. ಗಾಡಿ ನಿನ್ನ ಅಂಗಳದಲ್ಲಿ ನಿಂತಿದೆಯಲ್ಲ, ನಿಲ್ಲಲಿ. ಗಾಲಿಗೆ ಕಲ್ಲು ಕೊಡು. ಎಷ್ಟು ದಿನ ಅಂತ ಕೇಳುವುದಿಲ್ಲ. ನಿನ್ನ ಬಾಡಿಗೆ ಮನೆಯ ಮಾಲೀಕ ಹಳೇ ಗಾಡಿ ಇಲ್ಲಿ ಇಡುವ ಹಾಗಿಲ್ಲ ಅಂತ ಬಂದರೆ ಇಬ್ಬರೂ ಗೇಟಿಗೆ ಅಡ್ಡ ನಿಂತರಾಯಿತು. ಆ ಕೆಲಸ ನಮಗೆ ಮರೆತಿಲ್ಲ.

ನನಗೆ ಹೆದರಿಕೆ ಹೋಗಿಲ್ಲ. ರಸ್ತೆಯ ಮೇಲಿದ್ದ ಹೆದರಿಕೆ ಈಗ ಹಾಸಿಗೆಯ ಪಕ್ಕಕ್ಕೆ ಬಂದು ಕೂತಿದೆ. ಇವತ್ತು ಊಟ ತಿನ್ನಿಸುವಾಗ ನಿಕಾನೋರ್ ನನ್ನ ಕೈ ಹಿಡಿದು, "ನೀವು ಯಾರ ಮನೆಯೋರು ತಾಯಿ? ತುಂಬಾ ಉಪಕಾರ ಆಯ್ತು," ಅಂದ. ಬಾಲ್ದೆನೆಗ್ರೋ ಮನೆಯವಳು ಅಂದೆ. "ಓ, ನಮ್ಮೋರೇ," ಅಂದ. ಹೊರಗೆ ಹೋಗಿ ಗೋಡೆಗೆ ಒರಗಿ ನಿಂತೆ. ಮತ್ತೆ ಒಳಗೆ ಹೋಗಿ ಉಳಿದ ಊಟ ತಿನ್ನಿಸಿದೆ.

ಶನಿವಾರ ಬಿಡುತ್ತಾರಂತೆ. ಕರೆದುಕೊಂಡು ಹೋಗಲು ಆನ್ಸೆಲ್ಮೋನೇ ಬರಲಿ. ಅಂಗಿ ಬಿಚ್ಚಿಟ್ಟು ಬರುವುದು ಬೇಡ. ನಕ್ಷತ್ರ ಹಚ್ಚಿಕೊಂಡು, ಪಟ್ಟಿ ಕಟ್ಟಿಕೊಂಡು, ಟೋಪಿ ಹಾಕಿಕೊಂಡೇ ಬಾಗಿಲಲ್ಲಿ ನಿಲ್ಲಲಿ. ನಿಕಾನೋರ್ ಕೂಗುತ್ತಾನೋ, ಕೈಗೆ ಸಿಕ್ಕಿದ್ದು ಎಸೆಯುತ್ತಾನೋ ಗೊತ್ತಿಲ್ಲ. ನಾನು ಏನು ಮಾಡುತ್ತೇನೆ ಅಂತಲೂ ಗೊತ್ತಿಲ್ಲ. ಬರಲಿ. ಅವನನ್ನು ಆ ಅಂಗಿಯಲ್ಲಿ ನನ್ನ ಇದ್ದೊಂದು ಕಣ್ಣಿಂದ ನೋಡಬೇಕು.

ಫೆಮಾ